ಐದು ಸಿಟ್ಟಿಂಗ್‌ನ ರೇಡಿಯೇಷನ್: ಕೊಟ್ಟ ದುಡ್ಡಿಗೆ ಸಿಕ್ಕಿದ್ದೇನು

ಮೊದಲೇ ಹೇಳಿಬಿಡುತ್ತೇನೆ, ಐದು ಸ್ಟಾರಿಗೆ ನಾಲ್ಕು. ಆ ಒಂದು ಸ್ಟಾರ್ ಹೋಗಿದ್ದು ಮೆಷಿನ್‌ನಿಂದಲ್ಲ, ಡಾಕ್ಟರಿಂದಲೂ ಅಲ್ಲ. ಟಾಯ್ಲೆಟ್‌ನಿಂದ. ಅದರ ಕಥೆ ಮುಂದೆ ಬರುತ್ತದೆ.

ನಾನು ಮಾಡಿಸಿಕೊಂಡಿದ್ದು ಪ್ರಾಸ್ಟೇಟ್ (ಗಂಡಸರಿಗೆ ಮೂತ್ರಕೋಶದ ಕೆಳಗಿರುವ ಗ್ರಂಥಿ) ಕ್ಯಾನ್ಸರ್‌ಗೆ ಎಸ್‌ಬಿಆರ್‌ಟಿ. ಪೂರ್ತಿ ಹೆಸರು ಸ್ಟೀರಿಯೋಟ್ಯಾಕ್ಟಿಕ್ ಬಾಡಿ ರೇಡಿಯೋಥೆರಪಿ. ನಮ್ಮ ಕಡೆ "ಕರೆಂಟ್ ಕೊಡಿಸೋದು" ಅಂತಾರಲ್ಲ, ಅದರಲ್ಲೇ ಒಂದು ಬಗೆ. ಗಡ್ಡೆ ಇರುವ ಜಾಗಕ್ಕೆ ಗುರಿಯಿಟ್ಟು, ಒಂದೊಂದು ಸಲಕ್ಕೂ ದೊಡ್ಡ ಡೋಸ್ ಕೊಟ್ಟು, ಐದೇ ಸಲಕ್ಕೆ ಮುಗಿಸುತ್ತಾರೆ. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆ. ಹೆಸರು ಹಾಕುತ್ತಿಲ್ಲ. ಹೊಗಳುವುದರ ಜೊತೆ ಬೈಯುವುದೂ ಇದೆ. ಅಲ್ಲದೆ ಈ ಟ್ರೀಟ್‌ಮೆಂಟ್ ಈಗ ಬೆಂಗಳೂರಿನಲ್ಲಿ ಒಂದೇ ಕಡೆ ಸಿಗುವಂಥದ್ದೇನಲ್ಲ. ಎಲ್ಲಿಗೆ ಹೋದರೂ ಏನು ನೋಡಬೇಕು ಅನ್ನುವುದು ಗೊತ್ತಿದ್ದರೆ ಸಾಕು.

ನನ್ನ ಪರಿಚಯ ಎರಡು ಸಾಲು. ಅರಸೀಕೆರೆ ಕಡೆಯವನು, ವಯಸ್ಸು 68. ಭೂಮಾಪನ ಇಲಾಖೆಯಲ್ಲಿ ಸರ್ವೇಯರ್ ಆಗಿದ್ದು ನಿವೃತ್ತನಾದವನು. ಹೊಲ ಗದ್ದೆ ಅಳೆದು, ಹದ್ದುಬಸ್ತು ಮಾಡಿ, ಎರಡೂ ಕಡೆಯವರಿಂದ ಬೈಸಿಕೊಂಡು ಸಂಬಳ ತಿಂದವನು. ಹಾಗಾಗಿ ಯಾರಾದರೂ "ಮಿಲಿಮೀಟರ್ ಲೆಕ್ಕದಲ್ಲಿ ಕರಾರುವಾಕ್ಕು" ಅಂದರೆ ನನಗೆ ಮೊದಲು ಬರುವುದು ಅನುಮಾನ.

ಕಾಯಿಲೆ ವಿಷಯ ಬೇಗ ಮುಗಿಸುತ್ತೇನೆ. ಹಾಸನದ ಡಾಕ್ಟರು ರಕ್ತ ಪರೀಕ್ಷೆಯಲ್ಲಿ ಪಿಎಸ್‌ಎ ಕೂಡ ಬರೆದರು, ಪ್ರಾಸ್ಟೇಟ್‌ನಿಂದ ರಕ್ತಕ್ಕೆ ಬರುವ ಒಂದು ಪ್ರೋಟೀನ್‌ನ ಅಳತೆ ಅದು. 8.6 ಬಂತು. ಸಾಮಾನ್ಯವಾಗಿ 4ರ ಒಳಗಿದ್ದರೆ ನೆಮ್ಮದಿ ಅಂತಾರೆ. ಆಮೇಲೆ ಎಂಆರ್‌ಐ, ಬಯಾಪ್ಸಿ. ಗ್ಲೀಸನ್ ಸ್ಕೋರ್, ಅಂದರೆ ಕ್ಯಾನ್ಸರ್ ಎಷ್ಟು ಉಗ್ರ ಅನ್ನುವ ಅಂಕ, 3+4. ಪ್ರಾಸ್ಟೇಟ್ ಬಿಟ್ಟು ಹೊರಗೆ ಎಲ್ಲೂ ಹೋಗಿಲ್ಲ ಅಂತ ಪೆಟ್ ಸ್ಕ್ಯಾನ್ ಹೇಳಿತು. ಮಧ್ಯಮ ದರ್ಜೆಯ ಅಪಾಯ, ಅದರಲ್ಲೂ ಸ್ವಲ್ಪ ಹಗುರವಾದ್ದು. ಹಾರ್ಮೋನ್ ಇಂಜೆಕ್ಷನ್ ನಿಮಗೆ ಬೇಕಾಗಿಲ್ಲ ಅಂದರು.

ಮುಂದೆ ಇದ್ದ ದಾರಿಗಳು ಮೂರು. ಆಪರೇಷನ್ ಮಾಡಿ ಗ್ರಂಥಿಯನ್ನೇ ತೆಗೆಯುವುದು. ಇಲ್ಲವೇ ತಿಂಗಳು ಪೂರ್ತಿ, ಶನಿವಾರ ಭಾನುವಾರ ಬಿಟ್ಟು, ದಿನಾ ಹೋಗಿ 20 ಸಲ ರೇಡಿಯೇಷನ್. ಇಲ್ಲವೇ ಈ ಐದು ಸಲದ್ದು. ಅರಸೀಕೆರೆಯವನಿಗೆ ಐದು ಅಂದರೆ ಕಿವಿ ನೆಟ್ಟಗಾಗುತ್ತದೆ, ಸುಳ್ಳು ಯಾಕೆ ಹೇಳಲಿ. ವಿಜಯನಗರದಲ್ಲಿ ಮಗಳ ಮನೆ ಇದೆ ನಿಜ. ಆದರೂ ಮಗಳ ಮನೆಯಲ್ಲಿ ತಿಂಗಳುಗಟ್ಟಲೆ ಠಿಕಾಣಿ ಹೂಡುವುದು ನನಗೂ ನನ್ನ ಹೆಂಡತಿಗೂ ಒಗ್ಗುವುದಿಲ್ಲ.

ಇಲ್ಲಿ ಡಾಕ್ಟರ ನಡೆ ನನಗೆ ಹಿಡಿಸಿತು. ಸುಮ್ನೆ "ಲೇಟೆಸ್ಟ್ ಟೆಕ್ನಾಲಜಿ ಸರ್" ಅನ್ನಲಿಲ್ಲ. ಒಂದು ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟರು. ಪೇಸ್-ಬಿ ಅನ್ನುವ ಅಧ್ಯಯನ, 2024ರಲ್ಲಿ ಅದರ ಐದು ವರ್ಷದ ಫಲಿತಾಂಶ ಪ್ರಕಟವಾಗಿದೆ. ಬ್ರಿಟನ್, ಐರ್ಲೆಂಡ್, ಕೆನಡಾದ 874 ಗಂಡಸರು. ಅರ್ಧ ಜನಕ್ಕೆ ಐದು ಸಲದ ರೇಡಿಯೇಷನ್, ಉಳಿದವರಿಗೆ ಹಳೇ ಪದ್ಧತಿಯಂತೆ 20 ಇಲ್ಲವೇ 39 ಸಲ. ಐದು ವರ್ಷದ ನಂತರ ಕಾಯಿಲೆ ಮರುಕಳಿಸದೆ ಇದ್ದವರು ಐದು ಸಲದವರಲ್ಲಿ ಶೇ. 95.8, ಜಾಸ್ತಿ ಸಲದವರಲ್ಲಿ ಶೇ. 94.6. ಅಂದರೆ ಕಾಯಿಲೆ ಹಿಡಿತಕ್ಕೆ ತರುವುದರಲ್ಲಿ ಐದು ಸಲದ್ದು ಹಿಂದೆ ಬಿದ್ದಿಲ್ಲ.

ಮಗಳು ತಕ್ಷಣ, "ಹಾಗಾದ್ರೆ ಐದು ಸಲದ್ದೇ ಒಳ್ಳೇದಲ್ವಾ ಡಾಕ್ಟ್ರೇ?" ಅಂದಳು. ಅವರು ಅದೇ ಹಾಳೆಯಲ್ಲಿ ಕೆಳಗಿನ ಇನ್ನೊಂದು ಸಾಲಿನ ಕೆಳಗೆ ಪೆನ್ನಲ್ಲಿ ಗೀಟು ಹಾಕಿದರು. ಮೂತ್ರದ ತೊಂದರೆ, ಅದೂ ಔಷಧಿ ಬೇಕಾಗುವ ಮಟ್ಟದ್ದು ಅಥವಾ ಅದಕ್ಕಿಂತ ಜಾಸ್ತಿ, ಆ ಐದು ವರ್ಷದಲ್ಲಿ ಒಮ್ಮೆಯಾದರೂ ಕಂಡವರು ಐದು ಸಲದವರಲ್ಲಿ ಶೇ. 26.9. ಹಳೇ ಪದ್ಧತಿಯವರಲ್ಲಿ ಶೇ. 18.3. ಮಲದ ತೊಂದರೆಯಲ್ಲಿ ಇಬ್ಬರೂ ಹೆಚ್ಚುಕಡಿಮೆ ಒಂದೇ. "ಇದನ್ನೂ ನೋಡಿ ತೀರ್ಮಾನ ಮಾಡಿ" ಅಂದರು. ಆಮೇಲೆ ನನ್ನ ಪ್ರಾಸ್ಟೇಟ್ ಎಷ್ಟು ದಪ್ಪ ಇದೆ, ಮೂತ್ರದ ಹರಿವು ಹೇಗಿದೆ ಅಂತ ಪರೀಕ್ಷೆ ಮಾಡಿಸಿದರು. ಮೊದಲೇ ಮೂತ್ರ ಕಟ್ಟುವವರಿಗೆ ಇದು ಅಷ್ಟು ಒಗ್ಗುವುದಿಲ್ಲವಂತೆ. ಮಾರುವವನು ತಾನೇ ಮಾಲಿನ ಕುಂದು ತೋರಿಸಿದ್ದನ್ನು ನಾನು ಅಪರೂಪಕ್ಕೆ ನೋಡಿದ್ದು. ಅಲ್ಲೇ ಒಪ್ಪಿಕೊಂಡೆ.

ನನಗೆ ಒಂದು ಲೆಕ್ಕ ಮಾತ್ರ ತಾಳೆ ಆಗಿರಲಿಲ್ಲ. 20 ಸಲದ್ದಾದರೆ ಒಟ್ಟು 60 ಗ್ರೇ ಕೊಡುತ್ತಾರೆ. ಗ್ರೇ ಅಂದರೆ ರೇಡಿಯೇಷನ್ ಅಳೆಯುವ ಮಾನ. ಐದು ಸಲದ್ದಾದರೆ 36.25 ಗ್ರೇ, ಸಲಕ್ಕೆ 7.25. "ನೂರಕ್ಕೆ ಸುಮಾರು ನಲವತ್ತರಷ್ಟು ಕಮ್ಮಿ ಆಯ್ತಲ್ಲ ಸಾರ್, ಅಳತೆಯಲ್ಲಿ ಮೋಸ ಇಲ್ವಾ?" ಅಂತ ಕೇಳಿದೆ. ಡಾಕ್ಟರು ನಕ್ಕರು. ಇಲ್ಲಿ ಕೂಡಿದರೆ ಲೆಕ್ಕ ಬರುವುದಿಲ್ಲವಂತೆ. ಪ್ರಾಸ್ಟೇಟ್ ಕ್ಯಾನ್ಸರ್‌ನ ಕೋಶಗಳಿಗೆ ಒಂದು ಗುಣ ಇದೆ. ಸಣ್ಣ ಸಣ್ಣ ಏಟು ತಿಂದರೆ ನಡುವೆ ಚೇತರಿಸಿಕೊಳ್ಳುತ್ತವೆ, ದೊಡ್ಡ ಏಟು ಬಿದ್ದರೆ ಏಳುವುದಿಲ್ಲ. ಆದ್ದರಿಂದ ಒಟ್ಟು ಕಮ್ಮಿ ಇದ್ದರೂ ಕೆಲಸ ಅಷ್ಟೇ ಆಗುತ್ತದೆ. ಆದರೆ ಆ ದೊಡ್ಡ ಏಟು ಪಕ್ಕದ ಮೂತ್ರಕೋಶಕ್ಕೋ ಮಲಾಶಯಕ್ಕೋ ಬಿದ್ದರೆ ಅವೂ ಸುಧಾರಿಸಿಕೊಳ್ಳುವುದು ಕಷ್ಟ. ಗುರಿ ತಪ್ಪಬಾರದು ಅನ್ನುವುದು ಅದಕ್ಕೇ.

ಇನ್ನು ಮೆಷಿನ್ ವಿಷಯ. ಕಾಯಿಲೆ ಗೊತ್ತಾದ ಮೇಲೆ ಬೆಂಗಳೂರಿನ ರಸ್ತೆಯಲ್ಲಿ ನನ್ನ ಕಣ್ಣಿಗೆ ಬರೀ ಕ್ಯಾನ್ಸರ್ ಆಸ್ಪತ್ರೆಯ ಹೋರ್ಡಿಂಗ್‌ಗಳೇ ಬೀಳತೊಡಗಿದವು. ಎಲ್ಲದರಲ್ಲೂ ಒಂದು ಮೆಷಿನ್‌ನ ಫೋಟೋ, ಒಂದು ಇಂಗ್ಲಿಷ್ ಹೆಸರು, ನಗುತ್ತಿರುವ ಒಬ್ಬ ಅಜ್ಜ. ನಮ್ಮ ಷಡ್ಡಕ ಫೋನ್ ಮಾಡಿ, "ಭಾವ, ಸೈಬರ್‌ನೈಫ್ ಇರೋ ಕಡೆನೇ ಹೋಗಿ, ಬೇರೆ ಕಡೆ ಬೇಡ" ಅಂದ. ನಮ್ಮ ಆಸ್ಪತ್ರೆಯಲ್ಲಿ ಇದ್ದಿದ್ದು ಅದಲ್ಲ, ಮಾಮೂಲಿ ಲೀನಾಕ್‌ನ (ರೇಡಿಯೇಷನ್ ಕಿರಣ ಹುಟ್ಟಿಸುವ ಮೆಷಿನ್) ಹೊಸ ಮಾದರಿ. ಹಾಗಾಗಿ ಅಲ್ಲಿನ ಫಿಸಿಸಿಸ್ಟ್ ಹತ್ತಿರ ಹೋಗಿ ಕೂತೆ. ರೇಡಿಯೇಷನ್ ವಿಭಾಗದಲ್ಲಿ ಡಾಕ್ಟರ ಜೊತೆ ಭೌತಶಾಸ್ತ್ರ ಓದಿದವರೂ ಇರುತ್ತಾರೆ, ಡೋಸ್‌ನ ಲೆಕ್ಕವೆಲ್ಲ ಅವರದ್ದು. ಬಹಳ ಜನ ರೋಗಿಗಳು ಅವರ ಮುಖವನ್ನೇ ನೋಡಿರುವುದಿಲ್ಲ. ನೀವು ಹೋದರೆ ಕೇಳಿ, ಮಾತಾಡುತ್ತಾರೆ.

ಆಯಮ್ಮ ಬಿಡಿಸಿ ಹೇಳಿದ್ದು ಇಷ್ಟು. ಸೈಬರ್‌ನೈಫ್‌ನಲ್ಲಿ ಚಾಕುವೂ ಇಲ್ಲ, ಕೊಯ್ಯುವುದೂ ಇಲ್ಲ. ಒಂದು ಚಿಕ್ಕ ಲೀನಾಕ್ ಅನ್ನು ಫ್ಯಾಕ್ಟರಿ ರೋಬೋಟ್ ಕೈಗೆ ಕಟ್ಟಿದ್ದಾರೆ, ಅದು ಸುತ್ತಮುತ್ತ ಎಷ್ಟೋ ಕೋನದಿಂದ ಕಿರಣ ಬಿಡುತ್ತದೆ, ನಡುನಡುವೆ ಎಕ್ಸ್‌ರೇ ತೆಗೆದು ಗಡ್ಡೆ ಜರುಗಿದರೆ ತಾನೂ ಜರುಗುತ್ತದೆ. ನಿಧಾನ. ಮಾಮೂಲಿ ಲೀನಾಕ್‌ನಲ್ಲಿ ಮೆಷಿನ್‌ನ ತಲೆ ನಮ್ಮ ಸುತ್ತ ತಿರುಗುತ್ತದೆ, ಶುರು ಮಾಡುವ ಮೊದಲು ಅದೇ ಮೆಷಿನ್ ಸಿಟಿ ಸ್ಕ್ಯಾನ್ ತೆಗೆಯುತ್ತದೆ, ಬೇಗ ಮುಗಿಯುತ್ತದೆ. ಆ ಪೇಸ್-ಬಿ ಅಧ್ಯಯನದಲ್ಲಿ ಎರಡೂ ಬಗೆಯ ಮೆಷಿನ್ ಬಳಸಿದ್ದರಂತೆ.

ಈ ವಿದ್ಯೆ ಶುರುವಾಗಿದ್ದು ತಲೆಯಿಂದ. ಸ್ವೀಡನ್ನಿನ ನರಶಸ್ತ್ರಜ್ಞ ಲಾರ್ಸ್ ಲೆಕ್ಸೆಲ್ 1951ರಲ್ಲೇ ತಲೆಬುರುಡೆ ತೆರೆಯದೆ ಕಿರಣದಿಂದ ಆಪರೇಷನ್ ಮಾಡುವ ಮಾತು ಎತ್ತಿದ್ದರು. ಅದರಿಂದ ಹುಟ್ಟಿದ್ದೇ ಗಾಮಾ ನೈಫ್ ಅನ್ನುವ, ತಲೆಯೊಳಗೆ ಕಿರಣ ಬಿಡುವ ಮೆಷಿನ್, ನಮ್ಮ ನಿಮ್ಹಾನ್ಸ್‌ನಲ್ಲೂ ಇದೆ. ಸೈಬರ್‌ನೈಫ್ ಮಾಡಿದ ಜಾನ್ ಆಡ್ಲರ್ ಕೂಡ ಲೆಕ್ಸೆಲ್ ಹತ್ತಿರ ಹೋಗಿ ಕಲಿತವರು. ತಲೆಬುರುಡೆ ಗಟ್ಟಿ, ಅದಕ್ಕೆ ಚೌಕಟ್ಟು ಹಾಕಿ ಬಿಗಿದರೆ ಮಿದುಳು ಎಲ್ಲೂ ಓಡುವುದಿಲ್ಲ. ಎದೆ, ಹೊಟ್ಟೆಯೊಳಗಿನದು ಹಾಗಲ್ಲ. ಉಸಿರಾಡಿದರೆ ಶ್ವಾಸಕೋಶ, ಲಿವರ್ ಎಲ್ಲಾ ಕದಲುತ್ತವೆ. ಪ್ರಾಸ್ಟೇಟ್ ಮೇಲೆ ಮೂತ್ರಕೋಶ, ಹಿಂದೆ ಮಲಾಶಯ. ಇವು ತುಂಬಿದರೆ ಒಂದು ಜಾಗ, ಖಾಲಿಯಾದರೆ ಇನ್ನೊಂದು ಜಾಗ. ಕುತ್ತಿಗೆಯಿಂದ ಕೆಳಗಿನ ಭಾಗಗಳಿಗೆ ಇದೇ ಬಗೆಯ ಗುರಿ ಇಡುವುದಕ್ಕೆ ಸ್ವೀಡನ್ನಿನಲ್ಲೇ, ಸ್ಟಾಕ್‌ಹೋಮ್‌ನ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ಬ್ಲಾಮ್‌ಗ್ರೆನ್, ಲಾಕ್ಸ್ ಅನ್ನುವವರು ದಾರಿ ಮಾಡಿದ್ದು 1990ರ ದಶಕದಲ್ಲಿ.

ಹೋರ್ಡಿಂಗ್‌ನಲ್ಲಿ ಮೆಷಿನ್‌ನ ಹೆಸರು ದೊಡ್ಡದಾಗಿ ಹಾಕುತ್ತಾರೆ. ನಾನು ದುಡ್ಡು ಕೊಟ್ಟಿದ್ದು ಮೆಷಿನ್‌ಗೆ ಅಂತ ನನಗೆ ಅನ್ನಿಸುವುದಿಲ್ಲ. ಕಿರಣ ಬಿಡುವ ಮುಂಚೆ ಎಷ್ಟು ಸಲ ಅಳೆಯುತ್ತಾರೆ, ಅಳತೆ ಕೂಡದಿದ್ದರೆ ನಿಲ್ಲಿಸುತ್ತಾರಾ, ದುಡ್ಡು ಅದಕ್ಕೆ.

ಮೊದಲ ಕೆಲಸ, ಚಿನ್ನದ ಕಾಳು ಕೂರಿಸುವುದು. ನಿಜವಾದ ಚಿನ್ನ. ಅಕ್ಕಿ ಕಾಳಿಗಿಂತ ಸಣ್ಣದು, ಒಂದು ಮಿಲಿಮೀಟರ್ ದಪ್ಪ, ಐದು ಮಿಲಿಮೀಟರ್‌ಗಿಂತ ಉದ್ದವಿಲ್ಲ. ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿಯಲ್ಲಿ ಪ್ರಾಸ್ಟೇಟ್ ಒಳಗೆ ಮೂರು ಕಡೆ ಇಡುತ್ತಾರೆ. ಜಾಗಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟಿದ್ದರು, ಆದರೂ ಹಿತವಾಗಿತ್ತು ಅಂತ ಹೇಳಲಾರೆ. ನನ್ನ ಹೆಂಡತಿ ಹೊರಗೆ ಬಂದ ತಕ್ಷಣ ಕೇಳಿದ್ದು, "ಆಮೇಲೆ ಅದನ್ನ ವಾಪಸ್ ತೆಗೆದು ಕೊಡ್ತಾರೇನ್ರೀ?" ಕೊಡುವುದಿಲ್ಲ. ಒಳಗೇ ಇರುತ್ತದೆ, ತೊಂದರೆ ಇಲ್ಲ.

ಈ ಕಾಳಿನ ಕೆಲಸ ನನಗೆ ವಿವರಿಸಬೇಕಾಗಲಿಲ್ಲ. ಇವು ಬಾಂದು ಕಲ್ಲು. ಹೊಲದಲ್ಲಿ ಬದು ಕರಗಬಹುದು, ಬೇಲಿ ಜರುಗಬಹುದು, ಒತ್ತುವರಿ ಆಗಬಹುದು. ನೆಟ್ಟ ಕಲ್ಲು ಸಿಕ್ಕಿದರೆ ಅದರಿಂದ ಅಳೆದು ಗಡಿ ಎಲ್ಲಿತ್ತು ಅಂತ ಹೇಳಬಹುದು. ಎಕ್ಸ್‌ರೇಯಲ್ಲಿ ಪ್ರಾಸ್ಟೇಟ್ ಸರಿಯಾಗಿ ಕಾಣುವುದಿಲ್ಲ, ಚಿನ್ನ ಬೆಳ್ಳಗೆ ಹೊಳೆಯುತ್ತದೆ. ಮೂರು ಕಲ್ಲು ನಕ್ಷೆಯಲ್ಲಿದ್ದ ಜಾಗದಲ್ಲೇ ಇದ್ದರೆ ಗ್ರಂಥಿಯೂ ಅಲ್ಲೇ ಇದೆ. ಆದರೆ ನೆಟ್ಟ ಕೂಡಲೇ ಅಳೆಯುವಂತಿಲ್ಲ. ಸೂಜಿ ಚುಚ್ಚಿದ ಜಾಗ ಊದಿಕೊಂಡಿರುತ್ತದೆ, ಅದು ಇಳಿದು ಕಾಳುಗಳು ನೆಲೆ ನಿಲ್ಲಲಿ ಅಂತ ವಾರ ಕಾಯಿಸಿದರು. ಇಲ್ಲಿ ಯಾರಾದರೂ "ನಾಳೆನೇ ಸ್ಕ್ಯಾನ್ ಮಾಡ್ಸಿ" ಅಂದಿದ್ದರೆ ನಾನು ಎದ್ದು ಬರುತ್ತಿದ್ದೆ.

ವಾರದ ನಂತರ ಪ್ಲಾನಿಂಗ್ ಸಿಟಿ, ಅದೇ ದಿನ ಎಂಆರ್‌ಐ. ಮಲಗುವ ಜಾಗದಲ್ಲಿ ಒಂದು ಚೀಲ ಹಾಸುತ್ತಾರೆ, ಒಳಗೆ ಸಣ್ಣ ಸಣ್ಣ ಗುಂಡು. ಅದರ ಮೇಲೆ ಕಾಲು ಚಾಚಿ ಮಲಗಿದ ಮೇಲೆ ಗಾಳಿ ಎಳೆದರೆ ನಮ್ಮ ಕಾಲಿನ ಅಚ್ಚು ಗಟ್ಟಿಯಾಗಿ ಕೂತುಬಿಡುತ್ತದೆ. ಪ್ರತಿ ಸಲವೂ ಅದೇ ಅಚ್ಚಿನಲ್ಲಿ ಮಲಗಬೇಕು. ಸೊಂಟದ ಎರಡು ಪಕ್ಕ, ಹೊಟ್ಟೆಯ ಕೆಳಗೆ ಮೂರು ಚುಕ್ಕೆ ಹಾಕಿದರು. ಗೋಡೆಯಿಂದ ಬರುವ ಲೇಸರ್ ಗೆರೆ ಆ ಚುಕ್ಕೆಯ ಮೇಲೆ ಬೀಳುವ ಹಾಗೆ ಮಲಗಿಸುತ್ತಾರೆ. ಇದು ಮೇಲುಮೇಲಿನ ಅಳತೆ ಮಾತ್ರ, ನಿಜವಾದ ಅಳತೆ ಕಾಳಿನಿಂದ.

ಫಿಸಿಸಿಸ್ಟ್ ಆಯಮ್ಮ ನನ್ನ ನಕ್ಷೆಯನ್ನು ಕಂಪ್ಯೂಟರಿನಲ್ಲಿ ತೋರಿಸಿದರು. ನಾನು ಕೇಳಿದ್ದಕ್ಕೆ ತೋರಿಸಿದ್ದು, ಎಲ್ಲರಿಗೂ ತೋರಿಸುವ ಪದ್ಧತಿ ಇಲ್ಲ, ಇರಬೇಕಿತ್ತು. ಪ್ರಾಸ್ಟೇಟ್ ಸುತ್ತ ಕೆಂಪು ಗೆರೆ. ಅದರ ಹೊರಗೆ ಐದು ಮಿಲಿಮೀಟರ್ ಬಿಟ್ಟು ಇನ್ನೊಂದು ಗೆರೆ, ಚೂರು ಹೆಚ್ಚುಕಡಿಮೆ ಆದರೂ ಗಡ್ಡೆ ಡೋಸ್‌ನಿಂದ ತಪ್ಪಿಸಿಕೊಳ್ಳದಿರಲಿ ಅಂತ. ಹಿಂದೆ ಮಲಾಶಯದ ಕಡೆ ಮಾತ್ರ ಆ ಅಂತರ ಮೂರೇ ಮಿಲಿಮೀಟರ್. ನನ್ನ ಸರ್ವೀಸಿನಲ್ಲಿ 33 ಅಡಿಯ ಸರಪಳಿ ಹಿಡಿದು ಆಣೆ ಲೆಕ್ಕದಲ್ಲಿ ಅಳೆದವನು ನಾನು. ಮೂರು ಮಿಲಿಮೀಟರ್ ನಮ್ಮಲ್ಲಿ ಸರಪಳಿಗೆ ಅಂಟಿದ ಮಣ್ಣು. ಸ್ಕ್ರೀನ್ ಮೇಲೆ ಆ ಸಣ್ಣ ಸಂದು ನೋಡಿ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ.

ನಕ್ಷೆ ಸಿದ್ಧವಾದ ಮೇಲೆ ಅದನ್ನು ಮೊದಲು ನನ್ನ ಮೇಲೆ ಪ್ರಯೋಗ ಮಾಡಲಿಲ್ಲ. ಅಳತೆ ಸಾಧನ ಕೂರಿಸಿದ ಪ್ಲಾಸ್ಟಿಕ್ ಗಟ್ಟಿಯೊಂದನ್ನು ಮೇಜಿನ ಮೇಲೆ ಇಟ್ಟು, ನನಗೆ ಕೊಡಬೇಕಾದ ಡೋಸನ್ನೇ ಅದಕ್ಕೆ ಕೊಟ್ಟು, ಕಂಪ್ಯೂಟರ್ ಹೇಳಿದ್ದೂ ಅಲ್ಲಿ ಬಿದ್ದಿದ್ದೂ ತಾಳೆ ಆಗುತ್ತಾ ಅಂತ ನೋಡಿದರು. ರೋಗಿಗಳೆಲ್ಲ ಮನೆಗೆ ಹೋದ ಮೇಲೆ ಸಂಜೆ ಮಾಡುವ ಕೆಲಸ ಇದು. ಬಿಲ್ಲಿನಲ್ಲಿ ಇದಕ್ಕೆ ಬೇರೆ ಸಾಲು ಇರಲಿಲ್ಲ.

ಈಗ ನೀರು. ಈ ಟ್ರೀಟ್‌ಮೆಂಟಿನ ಕಷ್ಟ ರೇಡಿಯೇಷನ್ ಅಲ್ಲ, ನೀರು. ಆಸ್ಪತ್ರೆಗೆ ಬಂದು ಮೂತ್ರ ಮಾಡಿ, ಅರ್ಧ ಲೀಟರ್ ನೀರನ್ನು ಹತ್ತು ನಿಮಿಷದೊಳಗೆ ಕುಡಿದು, ಮುಕ್ಕಾಲು ಗಂಟೆ ಹಿಡಿದುಕೊಂಡು ಕೂರಬೇಕು. ಮೂತ್ರಕೋಶ ತುಂಬಿದರೆ ಕರುಳು ಮೇಲಕ್ಕೆ ಹೋಗುತ್ತದೆ, ಮೂತ್ರಕೋಶದ ಹೆಚ್ಚಿನ ಭಾಗವೂ ಕಿರಣದ ದಾರಿಯಿಂದ ಆಚೆ ಸರಿಯುತ್ತದೆ. ಪ್ಲಾನಿಂಗ್ ದಿನ ಎಷ್ಟು ತುಂಬಿತ್ತೋ ಪ್ರತಿ ಸಲ ಸುಮಾರು ಅಷ್ಟೇ ಇರಬೇಕು. ಮಲಾಶಯ ಮಾತ್ರ ಖಾಲಿ ಇರಬೇಕು. ಅದಕ್ಕೆ ಹಿಂದಿನ ರಾತ್ರಿ ಔಷಧಿ, ಬೆಳಿಗ್ಗೆ ಎನಿಮಾ, ಮತ್ತೆ ಊಟದ ಪಥ್ಯ. ಹುರುಳಿ, ಕಡಲೆ, ಕೋಸು, ಆಲೂಗಡ್ಡೆ, ಗ್ಯಾಸ್ ಆಗುವ ಯಾವುದೂ ಬೇಡ. ನನಗೆ ಇದು ಬಿದ್ದಿದ್ದು ಪುಷ್ಯ ಮಾಸದಲ್ಲಿ. ಮಗಳ ಮನೆ ಬೀದಿಯಲ್ಲಿ ಸೊಗಡಿನ ಅವರೆಕಾಯಿ ರಾಶಿ ಹಾಕಿಕೊಂಡು ಕೂಗುತ್ತಿದ್ದರು. ಅಡಿಗೆ ಮನೆಯಲ್ಲಿ ಉಳಿದವರಿಗೆ ಹಿತಕಿದ ಅವರೆ ಸಾರು, ನನಗೆ ಅನ್ನ, ತಿಳಿಸಾರು. ಹಾಸನ ಜಿಲ್ಲೆಯವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಕಾನೂನಿನಲ್ಲಿ ಇಲ್ಲ.

ಮೆಷಿನ್ ಕೋಣೆಯಲ್ಲಿ ನಡೆಯುವುದನ್ನು ಜಾಸ್ತಿ ಹೇಳುವ ಹಾಗಿಲ್ಲ. ದಪ್ಪ ಬಾಗಿಲು. ಚಳಿ, ಕೇಳಿದರೆ ಹೊದಿಕೆ ಕೊಡುತ್ತಾರೆ. ಮೆಷಿನ್ ತಲೆ ಒಂದು ಸುತ್ತು ಹಾಕಿ ಸ್ಕ್ಯಾನ್ ತೆಗೆಯುತ್ತದೆ. ಹೊರಗೆ ಕೂತವರು ಕಾಳುಗಳನ್ನು ತಾಳೆ ನೋಡುತ್ತಾರೆ. ನಾವು ಮಲಗಿದ ಮೇಜು ತಾನೇ ಒಂದೆರಡು ಮಿಲಿಮೀಟರ್ ಪಕ್ಕಕ್ಕೆ ಸರಿಯುತ್ತದೆ, ಅದು ಬೆನ್ನಿಗೆ ಗೊತ್ತಾಗುತ್ತದೆ. ಆಮೇಲೆ ಗುಂಯ್ ಅನ್ನುವ ಶಬ್ದ. ನೋವಿಲ್ಲ, ಬಿಸಿ ಇಲ್ಲ, ಏನೂ ಇಲ್ಲ. ನಡುವೆ ಒಮ್ಮೆ ನಿಲ್ಲಿಸಿ ಮತ್ತೆ ತಾಳೆ ನೋಡುತ್ತಾರೆ. ಎಲ್ಲಾ ಸೇರಿ ಕಾಲು ಗಂಟೆ, ಇಪ್ಪತ್ತು ನಿಮಿಷ. ದಿನ ಬಿಟ್ಟು ದಿನ ಕೊಟ್ಟರು.

ಒಂದು ದಿನ ಮಾತ್ರ ಬೇರೆಯಾಯಿತು. ಮಲಗಿಸಿದರು, ಸ್ಕ್ಯಾನ್ ಆಯಿತು, ಮೇಜು ಜರುಗಲಿಲ್ಲ. ಗುಂಯ್ ಅನ್ನಲಿಲ್ಲ. ನನ್ನ ಹೊಟ್ಟೆ ನೀರು ತುಂಬಿ ಬಿರಿಯುತ್ತಿತ್ತು. ಬಾಗಿಲು ತೆರೆದು ಟೆಕ್ನಾಲಜಿಸ್ಟ್ ಹುಡುಗ ಒಳಗೆ ಬಂದ. ಗದಗಿನ ಕಡೆಯವನು. "ಸರ್, ಒಳಗ ಗಾಳಿ ಐತ್ರಿ. ಕಾಳ ಎಲ್ಲಾ ಮುಂದ ಬಂದಾವು. ಇಳೀರಿ, ಸ್ವಲ್ಪ ಅಡ್ಡಾಡಿ ಬರ್ರಿ" ಅಂದ.

ತಿಳಿಸಾರು ಬಿಟ್ಟು ಬೇರೆ ತಿಂದವನಲ್ಲ ನಾನು. "ಮೇಜನ್ನೇ ಸ್ವಲ್ಪ ಜರುಗಿಸಿ ಮುಗಿಸ್ಬಿಡಪ್ಪ" ಅಂದೆ. ಅವನು ತಲೆ ಆಡಿಸಿದ. "ಮೇಜು ಸರಿಸಿದ್ರ ಕಾಳು ಕೂಡ್ತಾವ್ರಿ, ಆದ್ರ ಹಿಂದಿನ ಗೋಡಿ ಉಬ್ಬೇತಿ. ಅದಕ್ಕ ಡೋಸ್ ಬೀಳ್ತೈತಿ. ಆಗಂಗಿಲ್ರಿ." ಅಷ್ಟರಲ್ಲಿ ಡಾಕ್ಟರೂ ಫೋನಿನಲ್ಲಿ ಅದನ್ನೇ ಹೇಳಿದರಂತೆ. ಗೌನ್ ಹಿಂದೆ ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದೆ. "ಏನ್ರೀ, ಇಷ್ಟು ಬೇಗ ಆಯ್ತಾ?" ಅಂದಳು ನನ್ನಾಕೆ. "ಗಾಳಿ ಇದೆಯಂತೆ ಕಣೇ." ಅವಳಿಗೆ ನಗು, ನನಗೆ ಸಿಟ್ಟು. ಮೂತ್ರ ಮಾಡಿ, ಕಾರಿಡಾರಿನಲ್ಲಿ ಆ ಕಡೆಯಿಂದ ಈ ಕಡೆ ನಡೆದು, ಮತ್ತೆ ಅರ್ಧ ಲೀಟರ್ ಕುಡಿದು, ಮತ್ತೆ ಮುಕ್ಕಾಲು ಗಂಟೆ. ಎರಡನೇ ಸ್ಕ್ಯಾನಿನಲ್ಲಿ ಎಲ್ಲಾ ಕೂಡಿತು, ಮುಗಿಸಿದರು. ಅಂದು ನನ್ನ ಹಿಂದೆ ಸಾಲಿನಲ್ಲಿ ಇನ್ನೂ ಹತ್ತು ಹದಿನೈದು ಜನ ಕಾಯುತ್ತಿದ್ದರು, ನನ್ನನ್ನು ಹಾಗೇ ಮುಗಿಸಿ ಕಳಿಸಿದ್ದರೆ ನನಗೆ ಗೊತ್ತೂ ಆಗುತ್ತಿರಲಿಲ್ಲ. ನಾಲ್ಕು ಸ್ಟಾರ್ ಕೊಟ್ಟಿದ್ದು ಅದೊಂದು ದಿನಕ್ಕೇ ಅಂದರೂ ನಡೆದೀತು.

ಈಗ ಟಾಯ್ಲೆಟ್. ರೇಡಿಯೇಷನ್ ವಿಭಾಗ ಇರುವುದು ಬೇಸ್‌ಮೆಂಟಿನಲ್ಲಿ. ಹೊಟ್ಟೆ ತುಂಬ ನೀರು ಕುಡಿಸಿ ಕೂರಿಸುವ ವಿಭಾಗಕ್ಕೆ ಗಂಡಸರಿಗೆ ಟಾಯ್ಲೆಟ್ ಒಂದು. ಒಂದೇ. ಅದೂ ಸ್ಟಾಫಿಗೂ ಅದೇ. ಮೆಷಿನ್ ತಡವಾದರೆ ತಡ ಅಂತ ಯಾರೂ ಹೇಳುವುದಿಲ್ಲ. "ಇನ್ನು ಹತ್ತೇ ನಿಮಿಷ ಅಂಕಲ್" ಅಂತ ರಿಸೆಪ್ಷನ್ ಹುಡುಗಿ ಹೇಳುವುದು, ಅರ್ಧ ಗಂಟೆ ಆಗುವುದು. ತಡ ಆಗುವುದು ತಪ್ಪಲ್ಲ. ನನ್ನ ಹಾಗೇ ಒಬ್ಬರನ್ನು ಇಳಿಸಿ ಕಳಿಸಿರುತ್ತಾರೆ. ಆದರೆ ನೀರು ಕುಡಿಯುವ ಮೊದಲು ಹೇಳಬಹುದಲ್ಲ? ಒಂದು ದಿನ ನನ್ನ ಪಕ್ಕ ಕೂತಿದ್ದ ರಾಯಚೂರು ಕಡೆಯ ಹಿರಿಯರೊಬ್ಬರಿಗೆ ತಡೆಯಲಾಗಲಿಲ್ಲ. ಟಾಯ್ಲೆಟ್ ಬಾಗಿಲು ಒಳಗಿಂದ ಹಾಕಿತ್ತು. ಪಂಚೆ ಒದ್ದೆ ಆಯಿತು. ಆ ಮನುಷ್ಯ ತಲೆ ಎತ್ತಲಿಲ್ಲ. ಅವರ ಮಗ ಬಗ್ಗಿ ತನ್ನ ಟವೆಲ್‌ನಿಂದ ನೆಲ ಒರೆಸುತ್ತಿದ್ದ. ಅಷ್ಟು ಕೋಟಿಯ ಮೆಷಿನ್ ತಂದವರಿಗೆ ಇನ್ನೊಂದು ಟಾಯ್ಲೆಟ್ ಕಟ್ಟಿಸಲು ಏನು ಕಷ್ಟ? ಫೀಡ್‌ಬ್ಯಾಕ್ ಫಾರಂನಲ್ಲಿ ಬರೆದು ಕೊಟ್ಟಿದ್ದೇನೆ. ಸಹಿಯೂ ಹಾಕಿದ್ದೇನೆ.

ಇನ್ನೊಂದು ಸಣ್ಣ ಕೊರತೆ. ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ ಮಾತ್ರ. ನೀರು ಕುಡಿಯುವ ಸೂಚನೆ ಕನ್ನಡದಲ್ಲಿದೆ, ಅಪಾಯ ಏನು ಅನ್ನುವುದು ಇಂಗ್ಲಿಷಿನಲ್ಲಿದೆ. ತಿರುಗಾಮುರುಗಾ ಆಯಿತಲ್ವಾ?

ದುಡ್ಡು. ರೇಡಿಯೇಷನ್ ಪ್ಯಾಕೇಜ್ 2,85,000 ರೂಪಾಯಿ. ಚಿನ್ನದ ಕಾಳು, ಅದನ್ನು ಕೂರಿಸುವುದು, ಎಂಆರ್‌ಐ, ಪೆಟ್ ಸ್ಕ್ಯಾನ್ ಎಲ್ಲಾ ಬೇರೆ. ಮೊದಲ ದಿನವೇ "ಪ್ಯಾಕೇಜ್ ಒಳಗೆ ಏನಿದೆ, ಹೊರಗೆ ಏನಿದೆ" ಅಂತ ಬರೆಸಿಕೊಳ್ಳಿ. ಇನ್ಶೂರೆನ್ಸ್‌ನವರು ಅಡ್ಮಿಟ್ ಆಗಿಲ್ಲ ಅಂತ ಮೊದಲು ರಾಗ ಎಳೆದರು, ಡೇ-ಕೇರ್ ಅಂತ ತೋರಿಸಿದ ಮೇಲೆ ಒಪ್ಪಿದರು. ಖಾಸಗಿಗೆ ಹೋಗಲು ಆಗದವರು ಕಿದ್ವಾಯಿಗೆ ಹೋಗಿ ಕೇಳಿ, 1973ರಿಂದ ಇರುವ ಸರ್ಕಾರಿ ಕ್ಯಾನ್ಸರ್ ಸಂಸ್ಥೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಸರ್ಕಾರ ಕೊಡುತ್ತದೆ, 1.5 ಲಕ್ಷದ ಮಿತಿ. ನಿಮಗೆ ಬರೆದ ಬಗೆಯ ರೇಡಿಯೇಷನ್ ಪಟ್ಟಿಯಲ್ಲಿದೆಯಾ ಅಂತ ಅಲ್ಲಿನ ಆರೋಗ್ಯಮಿತ್ರರನ್ನು (ಯೋಜನೆಯ ಮಾಹಿತಿ ಕೊಡುವ ಸಿಬ್ಬಂದಿ) ಮೊದಲು ಕೇಳಿಕೊಳ್ಳುವುದು ಒಳ್ಳೆಯದು.

ಆಮೇಲಿನ ಕಥೆ. ರೇಡಿಯೇಷನ್ ನಡೆಯುವಾಗ ಏನೂ ಆಗಲಿಲ್ಲ, ಮುಗಿದ ಮೇಲೆ ಶುರುವಾಯಿತು. ಉರಿಮೂತ್ರ. ಬಂತು ಅಂದರೆ ಬಂತು, ಬಚ್ಚಲಿಗೆ ಓಡಬೇಕು. ರಾತ್ರಿ ನಿದ್ದೆ ತುಂಡು ತುಂಡು. ಇದೇ ಆಗುತ್ತದೆ, ಒಂದೆರಡು ವಾರ ಜಾಸ್ತಿ ಇರುತ್ತದೆ ಅಂತ ಡಾಕ್ಟರು ಮೊದಲೇ ಹೇಳಿದ್ದರಿಂದ ಗಾಬರಿ ಆಗಲಿಲ್ಲ. ಮೂತ್ರ ಸರಾಗವಾಗಿ ಹೋಗಲಿ ಅಂತ ಟ್ಯಾಮ್ಸುಲೋಸಿನ್ ಮಾತ್ರೆ ಕೊಟ್ಟರು, ಕಾಫಿ ಕಮ್ಮಿ ಮಾಡಿಸಿದರು. ಮಧ್ಯಾಹ್ನದ ಹೊತ್ತು ಸುಸ್ತು, ಊಟ ಆದ ಮೇಲೆ ಕಣ್ಣು ತಾನೇ ಮುಚ್ಚುತ್ತಿತ್ತು. ಹೊಟ್ಟೆ ಒಂದೆರಡು ದಿನ ಕೆಟ್ಟಿತು, ಅಷ್ಟೆ. ಈಗ ಉರಿ ಇಲ್ಲ, ಮಾತ್ರೆ ಇನ್ನೂ ಬಿಟ್ಟಿಲ್ಲ.

ಮೂರು ತಿಂಗಳ ಪಿಎಸ್‌ಎ 3.1. ಸೊನ್ನೆ ಯಾಕೆ ಬಂದಿಲ್ಲ ಅಂತ ಬಂಧುಗಳೆಲ್ಲ ಕೇಳುತ್ತಾರೆ. ಆಪರೇಷನ್ ಮಾಡಿ ಗ್ರಂಥಿ ತೆಗೆದರೆ ತಕ್ಷಣ ಇಳಿಯುತ್ತದೆ. ರೇಡಿಯೇಷನ್‌ನಲ್ಲಿ ಗ್ರಂಥಿ ಒಳಗೇ ಇರುತ್ತದೆ, ಪಿಎಸ್‌ಎ ಇಳಿಯಲು ಎರಡು ಮೂರು ವರ್ಷವೂ ಹಿಡಿಯಬಹುದು. ನಡುವೆ ಒಮ್ಮೆ ಸ್ವಲ್ಪ ಏರಿ ತಾನೇ ಇಳಿಯುವುದೂ ಉಂಟಂತೆ. ರಿಪೋರ್ಟ್ ಕೈಗೆ ಬಂದ ಕೂಡಲೇ ನೀವೇ ಓದಿ ಹೆದರುವುದಕ್ಕಿಂತ ಡಾಕ್ಟರಿಗೆ ತೋರಿಸಿ.

ಪಕ್ಕದ ಮನೆಯವರು ನನ್ನ ಹೆಂಡತಿಗೆ, "ಮೊಮ್ಮಗೂನ ಅವರ ಹತ್ರ ಬಿಡ್ಬೇಡಿ, ರೇಡಿಯೇಷನ್ ಹೊಡಿಯುತ್ತೆ" ಅಂದರಂತೆ. ಹೊರಗಿನಿಂದ ಮೆಷಿನ್‌ನಲ್ಲಿ ಕೊಡುವ ರೇಡಿಯೇಷನ್ ಮೈಯಲ್ಲಿ ಉಳಿಯುವುದಿಲ್ಲ. ಮೆಷಿನ್ ನಿಂತರೆ ಅದೂ ನಿಂತಿತು. ಸಿಟ್ಟಿಂಗ್ ಮುಗಿಸಿ ಬಂದ ಸಂಜೆಯೂ ಮೊಮ್ಮಗು ನನ್ನ ತೊಡೆ ಮೇಲೇ ಇತ್ತು.

ನೀವು ಹೋಗುವುದಾದರೆ, ಮೆಷಿನ್‌ನ ಹೆಸರು ಕೇಳುವುದಕ್ಕಿಂತ ಇವನ್ನು ಕೇಳಿ. ಪ್ರತಿ ಸಲ ಕಿರಣ ಬಿಡುವ ಮುಂಚೆ ಸ್ಕ್ಯಾನ್ ಮಾಡುತ್ತೀರಾ? ಯಾರು ನೋಡಿ ಸರಿ ಅನ್ನುತ್ತಾರೆ? ಸರಿ ಇಲ್ಲದಿದ್ದರೆ ಇಳಿಸಿ ಕಳಿಸುತ್ತೀರಾ? ನಡುವೆ ಮತ್ತೆ ನೋಡುತ್ತೀರಾ? ಇಂಥ ಕೇಸ್ ವಾರಕ್ಕೆ ಎಷ್ಟು ಮಾಡುತ್ತೀರಿ? ಉತ್ತರ ಕೊಡಲು ಬೇಜಾರು ಮಾಡಿಕೊಳ್ಳುವ ಕಡೆ ಬೇಡ.

ಬೆಲ್ಟ್, ಬಿಗಿ ಪ್ಯಾಂಟ್ ಬೇಡ, ಪಂಚೆಯೋ ಸಡಿಲ ಪೈಜಾಮವೋ ಸರಿ. ಬದಲಿಗೆ ಇನ್ನೊಂದು ಜೊತೆ ಚೀಲದಲ್ಲಿರಲಿ, ನಾಚಿಕೆ ಬೇಡ. ಪಾರ್ಕಿಂಗ್ ಸಿಗುವುದಿಲ್ಲ, ಆಟೋದಲ್ಲಿ ಹೋಗಿ. ಬೇಸ್‌ಮೆಂಟಿನಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ಫೋನ್‌ಪೇ ಗೀನ್‌ಪೇ ಯಾವುದೂ ಆಗುವುದಿಲ್ಲ. ಕ್ಯಾಂಟೀನಿನ ಕಾಫಿಗೆ ಚಿಲ್ಲರೆ ಇಟ್ಟುಕೊಂಡಿರಿ. ಆದರೆ ಕುಡಿಯುವುದು ಮೇಜಿನಿಂದ ಇಳಿದ ಮೇಲೆ.